ಗಿಟ್ ಪುಶ್ ಆಗ್ತಿಲ್ಲ ಅಂತ ಫೋಲ್ಡರ್ ಡಿಲೀಟ್ ಮಾಡ್ಬೇಡಿ, ಮೊದ್ಲು ಎಲ್ಲಿ ನಿಂತಿದೆ ನೋಡಿ

ಗಿಟ್ (ಬರೆದ ಪ್ರೋಗ್ರಾಮಿನ ಹಳೇದು ಹೊಸದು ಎಲ್ಲಾ ಲೆಕ್ಕ ಇಡೋ ಸಾಫ್ಟ್‌ವೇರು) ಕೈ ಕೊಟ್ಟಾಗ ನಮ್ ಹಾಸನದ ಕಡೆ ಹುಡುಗ್ರು ಮೊದ್ಲು ಮಾಡೋ ಕೆಲಸ ಅಂದ್ರೆ ಫೋಲ್ಡರ್ ಡಿಲೀಟ್ ಮಾಡಿ ಮತ್ತೆ ಕ್ಲೋನ್ ಮಾಡೋದು (ಸರ್ವರಿಂದ ಹೊಸದಾಗಿ ಇಳಿಸ್ಕೊಳ್ಳೋದು), ಅದೂ ಆಗ್ಲಿಲ್ಲ ಅಂದ್ರೆ ಗಿಟ್ಟನ್ನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕೋದು, ಅಷ್ಟೊತ್ತಿಗೆ ಕೂತು ಬರೆದ ಪ್ರೋಗ್ರಾಮೆಲ್ಲಾ ಹೋಗಿರುತ್ತೆ, ಮೂಲ ತೊಂದ್ರೆ ಮಾತ್ರ ಇದ್ದಲ್ಲೇ ಇರುತ್ತೆ. ಸಾಲಗಾಮೆ ರಸ್ತೆ ಸುತ್ತಮುತ್ತ ಪಿಜಿ, ಹಾಸ್ಟೆಲ್‌ಗಳಲ್ಲಿರೋ ಫಸ್ಟ್ ಇಯರ್ ಇಂಜಿನಿಯರಿಂಗು, ಬಿಸಿಎ ಮಕ್ಕಳ ಲ್ಯಾಪ್‌ಟಾಪ್ ನೋಡ್ತಾ ನೋಡ್ತಾ ನನಗೆ ಗಟ್ಟಿಯಾಗಿದ್ದು ಇಷ್ಟು: ಗಿಟ್ ಕೆಟ್ಟಿದೆ ಅಂತ ಹೊತ್ಕೊಂಡು ಬಂದಿದ್ರಲ್ಲಿ ನಿಜವಾಗ್ಲೂ ಗಿಟ್ ಕೆಟ್ಟಿರೋದು ಬಹಳ ಅಪರೂಪ. ಟರ್ಮಿನಲ್ (ಕಮಾಂಡ್ ಹೊಡೆಯೋ ಕಿಟಕಿ) ಬೇರೆ ಫೋಲ್ಡರಲ್ಲಿ ನಿಂತಿರುತ್ತೆ, ವಾಟ್ಸಾಪಿಂದ ಕಾಪಿ ಮಾಡಿದ ಕಮಾಂಡಲ್ಲಿ ಕೋಟ್ ಮಾರ್ಕ್ ಸೊಟ್ಟಗಿರುತ್ತೆ, ಲ್ಯಾಬ್ ಕಂಪ್ಯೂಟರಲ್ಲಿ ಯಾರೋ ಸೀನಿಯರ್ ಅಕೌಂಟ್ ಉಳ್ಕೊಂಡಿರುತ್ತೆ, ಇಲ್ಲಾ ಕಂಪ್ಯೂಟರ್ ಗಡಿಯಾರ ತಪ್ಪಿರುತ್ತೆ. ಇನ್ನೊಂದು, ಗಿಟ್ ನಿಮ್ಮ ಹಳೇದನ್ನೆಲ್ಲಾ ಇಟ್ಕೊಂಡಿರೋದು ಆ ಪ್ರಾಜೆಕ್ಟ್ ಫೋಲ್ಡರ್ ಒಳಗೇ, ‘.ಗಿಟ್’ ಅಂತ ಮುಚ್ಚಿಟ್ಟಿರೋ ಫೋಲ್ಡರಲ್ಲಿ. ಪುಶ್ ಆಗದೆ ಇರೋ, ಅಂದ್ರೆ ಸರ್ವರಿಗೆ ಹೋಗದ ಕಮಿಟ್‌ಗಳು (ನೀವು ಉಳಿಸಿದ ಒಂದೊಂದು ಹಂತ) ಇರೋದು ಅಲ್ಲೊಂದೇ ಕಡೆ. ಮೇಲಿನ ಫೋಲ್ಡರ್ ಡಿಲೀಟ್ ಮಾಡಿದ್ರೆ ಅದೂ ಹೋಯ್ತು.

ಒಂದು ಮಾತು ಮುಂಚೇನೇ ಹೇಳ್ಬಿಡ್ತೀನಿ, ಕಮಾಂಡ್ ಎಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ, ಹೊಡೆಯೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ, ಡ್ಯಾಶ್ ಎರಡು ಇದ್ರೆ ಮಧ್ಯ ಜಾಗ ಬಿಡದೆ ಎರಡು ಮೈನಸ್. ಕಾಪಿ ಪೇಸ್ಟ್ ಆಗಲ್ಲ ಅಂತ ಬೇಜಾರಾಗ್ಬೇಡಿ, ಕೈಯಲ್ಲಿ ಹೊಡೆಯೋದೇ ಒಳ್ಳೇದು, ಯಾಕೆ ಅಂತ ಸ್ವಲ್ಪ ಕೆಳಗೆ ಬರುತ್ತೆ.

ಏನೂ ಮುಟ್ಟದೆ ಮೊದ್ಲು ನೋಡ್ಬೇಕಾಗಿದ್ದು

ನಾಲ್ಕು ಕಮಾಂಡ್ ಇದಾವೆ, ನಾಲ್ಕೂ ಬರೀ ನೋಡ್ತವೆ, ಏನನ್ನೂ ಬದಲಾಯಿಸಲ್ಲ, ಎಷ್ಟು ಸಲ ಬೇಕಾದ್ರೂ ಹೊಡೀಬಹುದು. ‘ಪಿಡಬ್ಲ್ಯುಡಿ’ ಹೊಡೆದ್ರೆ ಈಗ ಯಾವ ಫೋಲ್ಡರಲ್ಲಿದ್ದೀರ ಅಂತ ತೋರಿಸುತ್ತೆ (ಗಿಟ್ ಜೊತೆ ಬರೋ ಗಿಟ್ ಬ್ಯಾಶ್ ಅನ್ನೋ ಟರ್ಮಿನಲ್ಲಲ್ಲೂ ವಿಂಡೋಸಿನ ಪವರ್‌ಶೆಲ್ಲಲ್ಲೂ ನಡೆಯುತ್ತೆ, ಹಳೇ ಕಪ್ಪು ಕಮಾಂಡ್ ಪ್ರಾಂಪ್ಟಲ್ಲಿ ಬರೀ ‘ಸಿಡಿ’ ಹೊಡೀರಿ). ‘ಗಿಟ್ ಸ್ಟೇಟಸ್’ ಹೊಡೆದ್ರೆ ಯಾವ ಬ್ರಾಂಚು (ಕಮಿಟ್‌ಗಳ ಸಾಲಿಗಿಟ್ಟ ಹೆಸರು), ಏನೇನು ಕಮಿಟ್ ಆಗದೆ ಉಳಿದಿದೆ ಅಂತ. ‘ಗಿಟ್ ಲಾಗ್ --ಒನ್‌ಲೈನ್’ ಹೊಡೆದ್ರೆ ಇಲ್ಲಿವರೆಗೆ ಆಗಿರೋ ಕಮಿಟ್‌ಗಳು. ‘ಗಿಟ್ ರಿಮೋಟ್ -ವಿ’ ಹೊಡೆದ್ರೆ ಪುಶ್ ಮಾಡಿದ್ದು ಯಾವ ವಿಳಾಸಕ್ಕೆ ಹೋಗುತ್ತೆ ಅಂತ. ಅರ್ಧಕ್ಕರ್ಧ ಕೇಸು ಇಲ್ಲೇ ಗೊತ್ತಾಗ್ಬಿಡುತ್ತೆ.

ಆಮೇಲೆ ಎರರ್ ಓದೋ ರೀತಿ. ಕೆಂಪಗೆ ಹತ್ತು ಸಾಲು ಬಂದ ತಕ್ಷಣ ಗಾಬರಿ ಆಗೋದು ಬೇಡ, ‘ಫೇಟಲ್’ ಅಂತಲೋ ‘ಎರರ್’ ಅಂತಲೋ ಶುರುವಾಗೋ ಸಾಲು ಯಾವುದು ನೋಡಿ, ತೊಂದ್ರೆ ಅದರಲ್ಲಿರುತ್ತೆ. ‘ಹಿಂಟ್’ ಅಂತ ಬರೋದು ಗಿಟ್ ಕೊಡೋ ಸಲಹೆ, ಓದಿ, ಆದ್ರೆ ಕಣ್ಮುಚ್ಕೊಂಡು ಹೊಡೀಬೇಡಿ. ‘ರಿಮೋಟ್:’ ಅಂತ ಶುರುವಾಗೋ ಸಾಲು ಇದ್ಯಲ್ಲ, ಅದು ನಿಮ್ಮ ಲ್ಯಾಪ್‌ಟಾಪಿಂದ ಬಂದಿದ್ದಲ್ಲ, ಗಿಟ್‌ಹಬ್ (ಪುಶ್ ಮಾಡಿದ್ದು ಹೋಗಿ ಕೂರೋ ವೆಬ್‌ಸೈಟು) ಸರ್ವರ್ ಕಳಿಸಿದ ಮಾತು. ಅಂದ್ರೆ ನೆಟ್ ಸರಿ ಇದೆ, ಅಲ್ಲಿವರೆಗೆ ತಲುಪಿದ್ದೀರ, ಇನ್ನು ವೈಫೈ ಆಫ್ ಆನ್ ಮಾಡ್ತಾ ಕೂರೋದ್ರಲ್ಲಿ ಅರ್ಥ ಇಲ್ಲ. ಈ ಒಂದು ಗುರುತು ಗೊತ್ತಿದ್ರೆ ಬಹಳ ಹೊತ್ತು ಉಳಿಯುತ್ತೆ.

ಆಡ್, ಕಮಿಟ್, ಪುಶ್ ಮೂರೂ ಒಂದೇ ಅಂದ್ಕೊಂಡಿರೋರು ಜಾಸ್ತಿ. ಕಾಫಿ ಕ್ಯೂರಿಂಗ್ ಕಡೆ ಕೆಲಸ ನೋಡಿದ್ರೆ ಸುಲಭ, ಆಡ್ ಅಂದ್ರೆ ಯಾವ ಬೀಜ ಅಂತ ಆರಿಸಿ ಚೀಲಕ್ಕೆ ತುಂಬೋದು, ಕಮಿಟ್ ಅಂದ್ರೆ ಚೀಲದ ಬಾಯಿ ಹೊಲಿದು ಚೀಟಿ ಹಾಕೋದು, ಪುಶ್ ಅಂದ್ರೆ ಲಾರಿಗೆ ಹತ್ತಿಸೋದು. ಪುಶ್ ಆಗ್ತಿಲ್ಲ ಅನ್ನೋ ಎಷ್ಟೋ ಜನ ಚೀಲಾನೇ ಹೊಲಿದಿರಲ್ಲ. ‘ಎರರ್: ಎಸ್‌ಆರ್‌ಸಿ ರೆಫ್‌ಸ್ಪೆಕ್ ಮೇನ್ ಡಸ್ ನಾಟ್ ಮ್ಯಾಚ್ ಎನಿ’ ಅಂತ ಬರೋದು ಸಾಮಾನ್ಯವಾಗಿ ಅದಕ್ಕೇ, ಒಂದೂ ಕಮಿಟ್ ಇಲ್ಲ, ಹಂಗಾಗಿ ಮೇನ್ ಅನ್ನೋ ಬ್ರಾಂಚೇ ಹುಟ್ಟಿಲ್ಲ. ಇಲ್ಲಾಂದ್ರೆ ನಿಮ್ಮ ಬ್ರಾಂಚಿನ ಹೆಸರು ಮಾಸ್ಟರ್ ಅಂತ ಇರುತ್ತೆ, ಗಿಟ್‌ಹಬ್ 2020ರ ಅಕ್ಟೋಬರಿಂದ ಹೊಸ ರೆಪಾಸಿಟರಿಗೆ (ಗಿಟ್ ಲೆಕ್ಕ ಇಡೋ ಪ್ರಾಜೆಕ್ಟಿಗೆ) ಮೇನ್ ಅಂತ ಇಡುತ್ತೆ, ನಿಮ್ಮ ಲ್ಯಾಪ್‌ಟಾಪಲ್ಲಿರೋ ಗಿಟ್ ಇನ್ನೂ ಮಾಸ್ಟರ್ ಅಂತ ಇಡ್ತಿರಬಹುದು. ‘ಗಿಟ್ ಬ್ರಾಂಚ್ -ಎಂ ಮೇನ್’ ಹೊಡೀರಿ, ಇಲ್ಲಿ ಎಂ ಮಾತ್ರ ದೊಡ್ಡಕ್ಷರ, ಹೆಸರು ಬದಲಾಗುತ್ತೆ.

ಗಿಟ್ ಅನ್ನೋದೇ ಗೊತ್ತಿಲ್ಲ ಅನ್ನುತ್ತೆ

‘ಗಿಟ್ ಈಸ್ ನಾಟ್ ರೆಕಗ್ನೈಸ್ಡ್’ ಅಂತ ಬಂದ್ರೆ ಎರಡೇ ಸಾಧ್ಯತೆ, ಒಂದು ಗಿಟ್ ಹಾಕಿಲ್ಲ, ಎರಡು ಹಾಕಿದ್ದೀರ ಆದ್ರೆ ಟರ್ಮಿನಲ್‌ಗೆ ಅದು ಎಲ್ಲಿದೆ ಅಂತ ಗೊತ್ತಿಲ್ಲ. ಟರ್ಮಿನಲ್ ಪ್ರೋಗ್ರಾಮ್‌ಗಳನ್ನ ಹುಡುಕೋದು ಪಾತ್ ಅನ್ನೋ ಒಂದು ಪಟ್ಟಿಯಲ್ಲಿ, ಆ ಪಟ್ಟಿ ಓದೋದು ಟರ್ಮಿನಲ್ ಶುರುವಾದಾಗ ಒಂದೇ ಸಲ. ಅದಕ್ಕೇ ಗಿಟ್ ಇನ್‌ಸ್ಟಾಲ್ ಮಾಡೋ ಮುಂಚೆ ತೆಗೆದಿದ್ದ ಕಿಟಕಿಯಲ್ಲಿ ಗಿಟ್ ಸಿಗಲ್ಲ, ಮುಚ್ಚಿ ಹೊಸದು ತೆಗೀಬೇಕು. ವಿಎಸ್ ಕೋಡ್ (ಪ್ರೋಗ್ರಾಮ್ ಬರೆಯೋ ಎಡಿಟರು) ಒಳಗಿನ ಟರ್ಮಿನಲ್ ಆದ್ರೆ ಒಳಗಿನ ಟರ್ಮಿನಲ್ ಮುಚ್ಚಿದ್ರೆ ಸಾಲದು, ವಿಎಸ್ ಕೋಡ್‌ನ್ನೇ ಪೂರ್ತಿ ಮುಚ್ಚಿ ತೆಗೀರಿ.

ಎಲ್ಲಿದೆ ಅಂತ ಹುಡುಕೋಕೆ ಕಮಾಂಡ್ ಪ್ರಾಂಪ್ಟಲ್ಲಿ ‘ವೇರ್ ಗಿಟ್’, ಗಿಟ್ ಬ್ಯಾಶಲ್ಲಿ ‘ವಿಚ್ ಗಿಟ್’. ಪವರ್‌ಶೆಲ್ಲಲ್ಲಿ ಮಾತ್ರ ‘ವೇರ್ ಗಿಟ್’ ಹೊಡೆದ್ರೆ ಏನೂ ಬರಲ್ಲ, ಗಿಟ್ ಇಲ್ಲ ಅಂತ ಅಂದ್ಕೊಳ್ಬೇಡಿ, ಅಲ್ಲಿ ವೇರ್ ಅನ್ನೋದು ಬೇರೇನೇ ಕಮಾಂಡಿನ ಅಡ್ಡಹೆಸರು, ‘ವೇರ್.ಎಕ್ಸ್‌ಇ ಗಿಟ್’ ಅಂತ ಪೂರ್ತಿ ಹೊಡೀಬೇಕು. ಇದೇ ಜಾತಿಯ ಇನ್ನೊಂದು ಕಾಟ, ಪೈಥಾನ್ ಅಂತ ಹೊಡೆದ್ರೆ ಮೈಕ್ರೋಸಾಫ್ಟ್ ಸ್ಟೋರ್ ತೆರ್ಕೊಳ್ಳೋದು, ಅದಕ್ಕೆ ವಿಂಡೋಸ್ ಸೆಟ್ಟಿಂಗ್ಸ್ ಒಳಗೆ ಆಪ್ ಎಕ್ಸಿಕ್ಯೂಷನ್ ಅಲಿಯಾಸಸ್ ಅಂತ ಹುಡುಕಿ ಪೈಥಾನ್ ಹೆಸರಿರೋ ಸ್ವಿಚ್ ಆಫ್ ಮಾಡಿ, ಪೈಥಾನ್ ನಿಜವಾಗ್ಲೂ ಹಾಕಿದ್ರೆ ಆಮೇಲೆ ಸಿಗುತ್ತೆ.

ತಪ್ಪು ಫೋಲ್ಡರು

‘ಫೇಟಲ್: ನಾಟ್ ಎ ಗಿಟ್ ರೆಪಾಸಿಟರಿ’ ಅಂತ ಬಂದ್ರೆ ಗಿಟ್ ಹೇಳ್ತಿರೋದು ಇಷ್ಟೇ, ನಾನೀಗ ನಿಂತಿರೋ ಫೋಲ್ಡರಲ್ಲೂ ಅದರ ಮೇಲಿನ ಯಾವುದರಲ್ಲೂ ‘.ಗಿಟ್’ ಸಿಗ್ಲಿಲ್ಲ ಅಂತ. ಇದನ್ನ ನೋಡಿದ ತಕ್ಷಣ ‘ಗಿಟ್ ಇನಿಟ್’ (ನಿಂತಿರೋ ಫೋಲ್ಡರಲ್ಲಿ ಹೊಸ ರೆಪಾಸಿಟರಿ ಮಾಡೋ ಕಮಾಂಡು) ಹೊಡೆಯೋ ಚಾಳಿ ಇದೆ ಎಲ್ಲರಿಗೂ, ಎರರ್ ಏನೋ ಮಾಯ ಆಗುತ್ತೆ, ನಿಜವಾದ ತಲೆನೋವು ಶುರುವಾಗೋದು ಅಲ್ಲಿಂದ. ಟರ್ಮಿನಲ್ ತೆಗೆದ ತಕ್ಷಣ ಅದು ನಿಂತಿರೋದು ನಿಮ್ಮ ಯೂಸರ್ ಫೋಲ್ಡರಲ್ಲಿ, ಅಲ್ಲಿ ಇನಿಟ್ ಮಾಡಿದ್ರೆ ಡೌನ್‌ಲೋಡ್ಸು, ಮದುವೆ ಫೋಟೋ, ಸಿನಿಮಾ ಎಲ್ಲಾ ಗಿಟ್ ಲೆಕ್ಕಕ್ಕೆ ಬಂತು, ಸ್ಟೇಟಸ್ ಹೊಡೆದ್ರೆ ಪುಟಗಟ್ಟಲೆ ಕೆಂಪು ಹೆಸರು. ಹಂಗೇನಾದ್ರೂ ಕಂಡ್ರೆ ‘ಗಿಟ್ ರೆವ್-ಪಾರ್ಸ್ --ಶೋ-ಟಾಪ್‌ಲೆವೆಲ್’ ಹೊಡೀರಿ, ರೆಪಾಸಿಟರಿಯ ಬುಡ ಎಲ್ಲಿದೆ ಅಂತ ಹೇಳುತ್ತೆ. ಯೂಸರ್ ಫೋಲ್ಡರ್ ಅಂತ ಬಂದ್ರೆ ಅಲ್ಲಿರೋ ‘.ಗಿಟ್’ ಫೋಲ್ಡರ್ ಒಂದನ್ನ ಮಾತ್ರ ತೆಗೀಬೇಕು, ಅದೂ ‘ಗಿಟ್ ಲಾಗ್’ ನೋಡಿ ಅದರಲ್ಲಿ ಬೇಕಾದ ಕಮಿಟ್ ಏನೂ ಇಲ್ಲ ಅಂತ ಖಾತ್ರಿ ಆದ್ಮೇಲೆ. ನಿಮ್ಮ ಫೈಲ್‌ಗಳಿಗೆ ಏನೂ ಆಗಲ್ಲ.

ಸರಿಯಾದ ಫೋಲ್ಡರಿಗೆ ಹೋಗೋಕೆ ಸುಲಭದ ದಾರಿ, ಫೈಲ್ ಎಕ್ಸ್‌ಪ್ಲೋರರಲ್ಲಿ ಆ ಫೋಲ್ಡರ್ ತೆಗೆದು ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಗಿಟ್ ಬ್ಯಾಶ್ ಆರಿಸ್ಕೊಳ್ಳೋದು, ವಿಂಡೋಸ್ 11ರಲ್ಲಿ ಶೋ ಮೋರ್ ಆಪ್ಷನ್ಸ್ ಒಳಗೆ ಇರಬಹುದು. ‘ಸಿಡಿ’ ಹೊಡೆದೇ ಹೋಗ್ತೀನಿ ಅನ್ನೋರು ಎರಡು ನೆನಪಿಟ್ಕೊಳ್ಳಿ, ಫೋಲ್ಡರ್ ಹೆಸರಲ್ಲಿ ಜಾಗ ಇದ್ರೆ ಪೂರ್ತಿ ಹೆಸರಿಗೆ ಡಬಲ್ ಕೋಟ್ ಹಾಕಿ, ಮತ್ತೆ ಕಮಾಂಡ್ ಪ್ರಾಂಪ್ಟಲ್ಲಿ ಸಿ ಡ್ರೈವಿಂದ ಡಿ ಡ್ರೈವಿಗೆ ಹೋಗೋಕೆ ಬರೀ ‘ಸಿಡಿ’ ಸಾಲಲ್ಲ, ‘ಸಿಡಿ /ಡಿ’ ಬೇಕು.

ಡೆಸ್ಕ್‌ಟಾಪಲ್ಲಿ ಪ್ರಾಜೆಕ್ಟ್ ಇಡೋರಿಗೆ ಒಂದು ಮಾತು. ಎಷ್ಟೋ ಹೊಸ ಲ್ಯಾಪ್‌ಟಾಪಲ್ಲಿ ಡೆಸ್ಕ್‌ಟಾಪ್ ಅನ್ನೋದೇ ಒನ್‌ಡ್ರೈವ್ (ಫೈಲ್‌ಗಳನ್ನ ಆನ್‌ಲೈನಿಗೆ ಕಾಪಿ ಮಾಡೋ ಮೈಕ್ರೋಸಾಫ್ಟ್ ಸೇವೆ) ಒಳಗಿರುತ್ತೆ, ಗಿಟ್ ಬರೀತಿರೋವಾಗ್ಲೇ ಒನ್‌ಡ್ರೈವ್ ಅದೇ ಫೈಲ್‌ಗಳನ್ನ ಮೇಲೆ ಕಳಿಸೋಕೆ ಹೋಗುತ್ತೆ, ಇಬ್ಬರಿಗೂ ಜಗಳ, ಒಂದೊಂದ್ಸಲ ವಿಚಿತ್ರ ಎರರ್ ಬರುತ್ತೆ. ಸಿ ಅಥವಾ ಡಿ ಡ್ರೈವಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ ಅಲ್ಲೇ ಇಟ್ಕೊಳ್ಳಿ.

ಫೈಲಿಗೆ ಕನ್ನಡದಲ್ಲಿ ಹೆಸರಿಟ್ರೆ ಗಿಟ್ ಹಾಳು ಮಾಡುತ್ತೆ ಅಂತ ಒಬ್ಬಳು ಹುಡುಗಿ ವಾದ ಮಾಡ್ತಿದ್ಲು, ಸ್ಟೇಟಸ್ಸಲ್ಲಿ ಹೆಸರಿನ ಬದಲು \340\262 ಅಂತ ಅಂಕಿಗಳ ಸಾಲು ಬರ್ತಿತ್ತು. ಹಾಳೇನೂ ಆಗಿಲ್ಲ. ಕನ್ನಡದ ಒಂದೊಂದು ಅಕ್ಷರ ಒಳಗೆ ಮೂರು ಬೈಟ್ ಆಗಿರುತ್ತೆ, ಗಿಟ್ ಹುಷಾರಿಗೆ ಅಂತ ಅದನ್ನ ಅಂಕಿಯಲ್ಲಿ ತೋರಿಸುತ್ತೆ ಅಷ್ಟೇ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಒಂದ್ಸಲ ಹೊಡೀರಿ, ಕನ್ನಡ ಕನ್ನಡವಾಗೇ ಕಾಣುತ್ತೆ.

ಒಂದು ರೆಪಾಸಿಟರಿ ಒಳಗೆ ಇನ್ನೊಂದು ಕ್ಲೋನ್ ಮಾಡಿದ್ರೂ ತೊಂದ್ರೆ ಇದೆ. ಆಡ್ ಮಾಡೋವಾಗ ‘ಎಂಬೆಡೆಡ್ ಗಿಟ್ ರೆಪಾಸಿಟರಿ’ ಅಂತ ವಾರ್ನಿಂಗ್ ಬಂದಿರುತ್ತೆ, ಯಾರೂ ಓದಿರಲ್ಲ, ಗಿಟ್‌ಹಬ್ಬಲ್ಲಿ ಆ ಫೋಲ್ಡರ್ ಮೇಲೆ ಬಾಣದ ಗುರುತು ಇರುತ್ತೆ, ಒತ್ತಿದ್ರೆ ತೆರ್ಕೊಳ್ಳಲ್ಲ, ಮೇಷ್ಟ್ರು ಖಾಲಿ ಅಂತ ಸೊನ್ನೆ ಹಾಕ್ತಾರೆ. ಒಳಗಿನ ‘.ಗಿಟ್’ನ ಬೇರೆ ಕಡೆಗೆ ಮೂವ್ ಮಾಡಿ, ‘ಗಿಟ್ ಆರ್‌ಎಂ --ಕ್ಯಾಶ್ಡ್’ ಮುಂದೆ ಆ ಫೋಲ್ಡರ್ ಹೆಸರು ಕೊಟ್ಟು, ಮತ್ತೆ ಆಡ್ ಮಾಡಿ ಕಮಿಟ್ ಮಾಡಿ.

ವಾಟ್ಸಾಪ್ ಕಮಾಂಡು

ಕ್ಲಾಸ್ ಗ್ರೂಪಲ್ಲಿ ಸಿಆರ್ (ಕ್ಲಾಸ್ ಲೀಡರ್) ಹಾಕಿರೋ ಕಮಾಂಡ್ ಪಟ್ಟಿಯಿಂದ ಕಾಪಿ ಮಾಡ್ತೀರ, ‘ಎರರ್: ಪಾತ್‌ಸ್ಪೆಕ್ ... ಡಿಡ್ ನಾಟ್ ಮ್ಯಾಚ್ ಎನಿ ಫೈಲ್ಸ್’ ಅಂತ ಬರುತ್ತೆ, ಅಕ್ಷರ ಅಕ್ಷರ ನೋಡಿದ್ರೂ ತಪ್ಪು ಕಾಣಲ್ಲ. ಕೋಟ್ ಮಾರ್ಕ್ ನೋಡಿ. ಫೋನ್ ಕೀಬೋರ್ಡು, ವರ್ಡ್ ಫೈಲು, ಲ್ಯಾಬ್ ಮ್ಯಾನ್ಯುಯಲ್ ಪಿಡಿಎಫ್ಫು ನೇರ ಕೋಟನ್ನ ಅಂದವಾಗಿ ಬಾಗಿದ ಕೋಟ್ ಮಾಡ್ಬಿಡ್ತವೆ, ಎರಡು ಮೈನಸ್ಸನ್ನ ಸೇರಿಸಿ ಒಂದು ಉದ್ದ ಗೆರೆ ಮಾಡ್ತವೆ. ಬಾಗಿದ ಕೋಟು ಗಿಟ್ ಬ್ಯಾಶ್, ಕಮಾಂಡ್ ಪ್ರಾಂಪ್ಟ್ ಲೆಕ್ಕದಲ್ಲಿ ಕೋಟೇ ಅಲ್ಲ, ಹಂಗಾಗಿ ಕಮಿಟ್ ಮೆಸೇಜಿನ ಮೊದಲ ಪದ ಮಾತ್ರ ಮೆಸೇಜು ಅಂತ ತಗೊಂಡು ಉಳಿದ ಪದಗಳನ್ನ ಫೈಲ್ ಹೆಸರು ಅಂತ ಹುಡುಕುತ್ತೆ, ಸಿಗದೆ ಬೈಯುತ್ತೆ. ಪರಿಹಾರ ಕೈಯಲ್ಲಿ ಹೊಡೆಯೋದು. ಪೇಸ್ಟೇ ಮಾಡ್ಬೇಕು ಅಂದ್ರೆ ಗಿಟ್ ಬ್ಯಾಶಲ್ಲಿ ಶಿಫ್ಟ್ ಇನ್ಸರ್ಟ್, ಉಬುಂಟುವಲ್ಲಿ ಕಂಟ್ರೋಲ್ ಶಿಫ್ಟ್ ವಿ.

ಮೆಸೇಜೇ ಕೊಡದೆ ಬರೀ ‘ಗಿಟ್ ಕಮಿಟ್’ ಹೊಡೆದ್ರೆ ವಿಮ್ ಅನ್ನೋ ಎಡಿಟರ್ ತೆರ್ಕೊಂಡು ಬಿಡಬಹುದು, ಏನು ಒತ್ತಿದ್ರೂ ಹೊರಗೆ ಬರಲ್ಲ, ಇಲ್ಲಿ ಲ್ಯಾಪ್‌ಟಾಪ್ ಪವರ್ ಬಟನ್ ಒತ್ತಿ ಆಫ್ ಮಾಡಿದೋರ್ನೂ ನೋಡಿದ್ದೀನಿ. ಎಸ್ಕೇಪ್ ಒತ್ತಿ, ಕೋಲನ್, ಕ್ಯು, ಆಶ್ಚರ್ಯ ಚಿಹ್ನೆ, ಎಂಟರ್. ಹೊರಗೆ ಬಂದ್ರಿ, ಮೆಸೇಜ್ ಖಾಲಿ ಇರೋದ್ರಿಂದ ಕಮಿಟ್ ಆಗಿರಲ್ಲ, ‘-ಎಂ’ ಹಾಕಿ ಮತ್ತೆ ಹೊಡೀರಿ.

ಯಾರ ಹೆಸರು, ಯಾರ ಅಕೌಂಟು

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಬಹಳ ಜನ ಎಡವೋದು ಇಲ್ಲೇ. ಗಿಟ್ಟಿಗೆ ನಿಮ್ಮ ಬಗ್ಗೆ ಎರಡು ಬೇರೆ ಬೇರೆ ವಿಷಯ ಬೇಕು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಕಮಿಟ್ ಮೇಲೆ ಬರೆಯೋ ಹೆಸರು ಮತ್ತೆ ಇಮೇಲ್ ಒಂದು, ಅದು ‘ಯೂಸರ್.ನೇಮ್’, ‘ಯೂಸರ್.ಇಮೇಲ್’ ಅಂತ ನೀವು ಕಾನ್ಫಿಗ್‌ನಲ್ಲಿ (ಗಿಟ್ಟಿನ ಸೆಟ್ಟಿಂಗಲ್ಲಿ) ಬರ್ಕೊಂಡಿದ್ದು, ಸುಳ್ಳು ಬರೆದ್ರೂ ಗಿಟ್ ಕೇಳಲ್ಲ. ಪುಶ್ ಮಾಡೋಕೆ ಲಾಗಿನ್ ಆಗೋ ಅಕೌಂಟ್ ಇನ್ನೊಂದು, ಅದನ್ನ ಗಿಟ್‌ಹಬ್ ಪರೀಕ್ಷೆ ಮಾಡುತ್ತೆ. ‘ಪ್ಲೀಸ್ ಟೆಲ್ ಮಿ ಹೂ ಯು ಆರ್’ ಅಂತ ಬಂದ್ರೆ ಮೊದಲನೇದು ಇಲ್ಲ ಅಂತ, ಬರ್ಕೊಟ್ರೆ ಮುಗೀತು. ಲ್ಯಾಬ್ ಕಂಪ್ಯೂಟರಲ್ಲಿ ಆ ಎರರೇ ಬರದೆ ಕಮಿಟ್ ಸಲೀಸಾಗಿ ಆಯ್ತು ಅಂದ್ರೆ ಖುಷಿ ಪಡ್ಬೇಡಿ, ಮುಂಚೆ ಕೂತಿದ್ದೋರ ಹೆಸರು ಅಲ್ಲೇ ಇರಬಹುದು, ನಿಮ್ಮ ಅಸೈನ್ಮೆಂಟೆಲ್ಲಾ ಅವರ ಹೆಸರಲ್ಲಿ ಕಾಣುತ್ತೆ. ‘ಗಿಟ್ ಕಾನ್ಫಿಗ್ ಯೂಸರ್.ಇಮೇಲ್’ ಅಂತ ಮುಂದೆ ಏನೂ ಕೊಡದೆ ಹೊಡೆದ್ರೆ ಈಗ ಇರೋದು ತೋರಿಸುತ್ತೆ. ಲ್ಯಾಬಲ್ಲಿ ‘--ಗ್ಲೋಬಲ್’ ಹಾಕದೆ ಬದಲಾಯಿಸಿ, ಆಗ ನಿಮ್ಮ ಫೋಲ್ಡರಿಗೆ ಮಾತ್ರ ಅನ್ವಯ ಆಗುತ್ತೆ. ಕೊನೇ ಕಮಿಟ್ ಆಗ್ಲೇ ತಪ್ಪು ಹೆಸರಲ್ಲಿ ಆಗಿದ್ರೆ, ಇನ್ನೂ ಪುಶ್ ಮಾಡಿಲ್ಲ ಅಂದ್ರೆ, ಹೆಸರು ಸರಿ ಮಾಡ್ಕೊಂಡು ‘ಗಿಟ್ ಕಮಿಟ್ --ಅಮೆಂಡ್ --ರಿಸೆಟ್-ಆಥರ್ --ನೋ-ಎಡಿಟ್’.

ಪುಶ್ ಮಾಡೋವಾಗ ‘ಸಪೋರ್ಟ್ ಫಾರ್ ಪಾಸ್‌ವರ್ಡ್ ಆಥೆಂಟಿಕೇಶನ್ ವಾಸ್ ರಿಮೂವ್ಡ್’ ಅಂತ ಬಂದ್ರೆ ನಿಮ್ಮ ಪಾಸ್‌ವರ್ಡ್ ತಪ್ಪು ಅಂತಲ್ಲ, ಸರಿ ಇದ್ರೂ ತಗೊಳ್ಳಲ್ಲ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಟರ್ಮಿನಲ್ಲಲ್ಲಿ ಅಕೌಂಟ್ ಪಾಸ್‌ವರ್ಡ್ ಒಪ್ಪೋದು ನಿಲ್ಲಿಸಿದೆ. ಪಾಸ್‌ವರ್ಡ್ ಹಾಕಿ ಪುಶ್ ಮಾಡಿ ಅನ್ನೋ ಹಳೇ ವಿಡಿಯೋಗಳು ಇನ್ನೂ ಓಡಾಡ್ತಿವೆ, ಅದನ್ನ ನೋಡಿ ಪಾಸ್‌ವರ್ಡ್ ರಿಸೆಟ್ ಮಾಡ್ತಾ ಕೂತಿರ್ತಾರೆ ಪಾಪ. ವಿಂಡೋಸಲ್ಲಿ ಗಿಟ್ ಹಾಕೋವಾಗ ಕ್ರೆಡೆನ್ಷಿಯಲ್ ಮ್ಯಾನೇಜರ್ ಜೊತೆಗೇ ಬರುತ್ತೆ, ಪುಶ್ ಹೊಡೆದಾಗ ಬ್ರೌಸರ್ ತೆರ್ಕೊಂಡು ಲಾಗಿನ್ ಕೇಳುತ್ತೆ, ಅಲ್ಲಿ ಒಪ್ಕೊಂಡ್ರೆ ಆಯ್ತು. ಉಬುಂಟು ಲ್ಯಾಬಲ್ಲಿ ಸಾಮಾನ್ಯವಾಗಿ ಯೂಸರ್‌ನೇಮ್ ಪಾಸ್‌ವರ್ಡ್ ಅಂತಲೇ ಕೇಳೋದು, ಪಾಸ್‌ವರ್ಡ್ ಜಾಗಕ್ಕೆ ಟೋಕನ್ (ಪಾಸ್‌ವರ್ಡ್ ಬದಲು ಗಿಟ್‌ಹಬ್ ಮಾಡಿಕೊಡೋ ಗುಟ್ಟಿನ ಅಕ್ಷರಸಾಲು) ಹಾಕ್ಬೇಕು. ಗಿಟ್‌ಹಬ್ ಸೆಟ್ಟಿಂಗ್ಸಲ್ಲಿ ಕೆಳಗೆ ಡೆವಲಪರ್ ಸೆಟ್ಟಿಂಗ್ಸ್, ಅದರಲ್ಲಿ ಪರ್ಸನಲ್ ಆಕ್ಸೆಸ್ ಟೋಕನ್ಸ್, ಕ್ಲಾಸಿಕ್ ಆದ್ರೆ ರೆಪೋ ಅನ್ನೋ ಚೌಕಕ್ಕೆ ಟಿಕ್ ಹಾಕಿ. ಟೋಕನ್ ತೋರಿಸೋದು ಒಂದೇ ಸಲ, ಆಗ್ಲೇ ಕಾಪಿ ಮಾಡ್ಕೊಳ್ಳಿ. ಟರ್ಮಿನಲ್ಲಲ್ಲಿ ಪೇಸ್ಟ್ ಮಾಡಿದಾಗ ಚುಕ್ಕೆ ಕೂಡ ಕಾಣಲ್ಲ, ಏನೂ ಬೀಳ್ತಿಲ್ಲ ಅಂತ ಮೂರು ಸಲ ಪೇಸ್ಟ್ ಮಾಡ್ಬೇಡಿ, ಬಿದ್ದಿರುತ್ತೆ. ಆ ಟೋಕನ್ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕಿ ಡೌಟ್ ಕೇಳೋ ಮಹಾನುಭಾವರೂ ಇದಾರೆ, ಹಾಕಿದ್ರೆ ಅದನ್ನ ಡಿಲೀಟ್ ಮಾಡಿ ಬೇರೆ ಮಾಡ್ಕೊಳ್ಳಿ.

ಈಗ ‘403’ ಎರರು. ‘ಪರ್ಮಿಷನ್ ಟು’ ಇಂತಾ ರೆಪಾಸಿಟರಿ ‘ಡಿನೈಡ್ ಟು’ ಇಂತೋರು ಅಂತ ಬರುತ್ತೆ, ಆ ಕೊನೇ ಹೆಸರು ಓದಿ ಸಾಕು. ನಿಮ್ಮದಲ್ಲ ಅಂದ್ರೆ ಆ ಕಂಪ್ಯೂಟರಲ್ಲಿ ಇನ್ನೊಬ್ಬರ ಲಾಗಿನ್ ಉಳ್ಕೊಂಡಿದೆ. ಕಂಟ್ರೋಲ್ ಪ್ಯಾನೆಲ್ಲಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆಗೆದು ವಿಂಡೋಸ್ ಕ್ರೆಡೆನ್ಷಿಯಲ್ಸ್ ಒಳಗೆ ಗಿಟ್‌ಹಬ್ ಹೆಸರಿನ ಸಾಲು ತೆಗೆದುಹಾಕಿ, ಮತ್ತೆ ಪುಶ್ ಹೊಡೀರಿ, ಹೊಸದಾಗಿ ಕೇಳುತ್ತೆ. ನೀವು ಎದ್ದು ಹೋಗೋವಾಗ್ಲೂ ಇದನ್ನೇ ಮಾಡಿ, ಇಲ್ಲಾಂದ್ರೆ ಮುಂದಿನ ಬ್ಯಾಚಿನೋನು ನಿಮ್ಮ ಅಕೌಂಟಿಗೆ ಪುಶ್ ಮಾಡ್ತಾನೆ. ಹೆಸರು ನಿಮ್ಮದೇ ಇದ್ದು 403 ಬಂದ್ರೆ ಪ್ರಾಜೆಕ್ಟ್ ಓನರ್ ನಿಮ್ಮನ್ನ ಸೇರಿಸಿಲ್ಲ, ಇಲ್ಲಾ ಇನ್ವೈಟ್ ಇಮೇಲಲ್ಲಿ ಕೊಳೀತಿದೆ, ಇಲ್ಲಾ ಟೋಕನ್ ಮಾಡೋವಾಗ ಆ ರೆಪೋ ಟಿಕ್ ಬಿಟ್ಟಿದ್ದೀರ. ‘ರೆಪಾಸಿಟರಿ ನಾಟ್ ಫೌಂಡ್’ ಅಂತ ಬಂದ್ರೂ ಒಮ್ಮೆ ಅದನ್ನೇ ಅನುಮಾನಿಸಿ, ನಿಮಗೆ ಪ್ರವೇಶ ಇಲ್ಲದ ಪ್ರೈವೇಟ್ ರೆಪಾಸಿಟರಿ ಇದೆ ಅಂತಲೂ ಗಿಟ್‌ಹಬ್ ಬಾಯಿ ಬಿಡಲ್ಲ, ಸಿಗ್ಲಿಲ್ಲ ಅಂತಲೇ ಹೇಳುತ್ತೆ. ಬರೀ ಸ್ಪೆಲ್ಲಿಂಗ್ ತಪ್ಪೂ ಇರಬಹುದು, ‘ಗಿಟ್ ರಿಮೋಟ್ -ವಿ’ ನೋಡಿ.

ಪೆನ್‌ಡ್ರೈವಲ್ಲಿ ಪ್ರಾಜೆಕ್ಟ್ ತಂದು ಲ್ಯಾಬಲ್ಲಿ ತೆಗೆದ್ರೆ ‘ಡಿಟೆಕ್ಟೆಡ್ ಡುಬಿಯಸ್ ಓನರ್‌ಶಿಪ್’ ಅಂತ ಬರಬಹುದು, 2022ರಲ್ಲಿ ಸೇಫ್ಟಿಗೆ ಅಂತ ಸೇರಿಸಿದ ತಡೆ ಅದು, ಫೋಲ್ಡರ್ ಬೇರೆ ಯೂಸರಿಗೆ ಸೇರಿದ್ದು ಅಂತ ಗಿಟ್ಟಿಗೆ ಅನುಮಾನ. ಫೋಲ್ಡರ್ ನಿಮ್ಮದೇ ಆದ್ರೆ ಎರರಲ್ಲೇ ಕೊಟ್ಟಿರೋ ಸೇಫ್.ಡೈರೆಕ್ಟರಿ ಕಮಾಂಡ್ ಹೊಡೀಬಹುದು, ತೊಂದ್ರೆ ಇಲ್ಲ.

ರಿಜೆಕ್ಟೆಡ್, ಫೆಚ್ ಫಸ್ಟ್

ಲಾಗಿನ್ ಆಯ್ತು, ನೆಟ್ ಇದೆ, ಆದ್ರೂ ‘ರಿಜೆಕ್ಟೆಡ್’ ಅಂತ ಬಂತು. ಸರ್ವರಲ್ಲಿ ನಿಮ್ಮ ಹತ್ರ ಇಲ್ಲದ ಕಮಿಟ್ ಇದೆ, ನಿಮ್ಮದನ್ನ ತಗೊಂಡ್ರೆ ಅದು ಅಳಿಸಿ ಹೋಗುತ್ತೆ, ಅದಕ್ಕೆ ತಡೀತಿದೆ. ಒಬ್ಬರೇ ಮಾಡೋ ಅಸೈನ್ಮೆಂಟಲ್ಲೂ ಇದು ಬರುತ್ತೆ, ಯಾಕಂದ್ರೆ ಗಿಟ್‌ಹಬ್ಬಲ್ಲಿ ರೆಪಾಸಿಟರಿ ಮಾಡೋವಾಗ ರೀಡ್‌ಮಿ (ಪ್ರಾಜೆಕ್ಟ್ ಪರಿಚಯದ ಫೈಲು) ಬೇಕಾ ಅನ್ನೋದಕ್ಕೆ ಹೂಂ ಅಂದಿರ್ತೀರ, ಅದೇ ಒಂದು ಕಮಿಟ್. ‘ಗಿಟ್ ಪುಲ್ --ನೋ-ರಿಬೇಸ್ ಒರಿಜಿನ್ ಮೇನ್’ ಹೊಡೀರಿ, ಸರ್ವರಲ್ಲಿರೋದನ್ನ ತಂದು ನಿಮ್ಮದರ ಜೊತೆ ಬೆಸೆಯುತ್ತೆ (ಮರ್ಜ್ ಅಂದ್ರೆ ಇದೇ), ಒರಿಜಿನ್ ಅನ್ನೋದು ರಿಮೋಟ್ ವಿಳಾಸಕ್ಕಿಟ್ಟ ಹೆಸರು. ‘ರೆಫ್ಯೂಸಿಂಗ್ ಟು ಮರ್ಜ್ ಅನ್‌ರಿಲೇಟೆಡ್ ಹಿಸ್ಟರೀಸ್’ ಅಂದ್ರೆ ಅದೇ ಕಮಾಂಡಿಗೆ ‘--ಅಲೌ-ಅನ್‌ರಿಲೇಟೆಡ್-ಹಿಸ್ಟರೀಸ್’ ಸೇರಿಸಿ, ಆದ್ರೆ ಅದಕ್ಕೆ ಮುಂಚೆ ರಿಮೋಟ್ ವಿಳಾಸ ಸರಿ ಇದ್ಯಾ ನೋಡಿ, ಬೇರೆ ಸಬ್ಜೆಕ್ಟಿನ ರೆಪಾಸಿಟರಿಗೆ ಬೆಸೆದುಬಿಟ್ರೆ ಬಿಡಿಸೋದು ಕಷ್ಟ. ಮರ್ಜ್ ಮೆಸೇಜ್ ಕೇಳೋಕೆ ಅದೇ ವಿಮ್ ಬಂದ್ರೆ ಎಸ್ಕೇಪ್ ಒತ್ತಿ ಕೋಲನ್, ಡಬ್ಲ್ಯು, ಕ್ಯು, ಎಂಟರ್.

ಯಾರಾದ್ರೂ ‘--ಫೋರ್ಸ್’ ಹಾಕು ಮಗಾ ಆಗುತ್ತೆ ಅಂದ್ರೆ ಕೇಳ್ಬೇಡಿ. ಆಗೋದೇನೋ ಆಗುತ್ತೆ, ನಾಲ್ಕು ಜನದ ಮಿನಿ ಪ್ರಾಜೆಕ್ಟಲ್ಲಿ ಉಳಿದ ಮೂವರದ್ದು ಸರ್ವರಿಂದ ಹೋಗುತ್ತೆ. ಹಂಗೇನಾದ್ರೂ ಆಗಿಬಿಟ್ಟಿದ್ರೆ ಆ ಮೂವರು ಪುಲ್ ಗಿಲ್ ಏನೂ ಮಾಡದೆ ಸುಮ್ನಿರಿ, ಅವರ ಲ್ಯಾಪ್‌ಟಾಪಲ್ಲಿ ಕಮಿಟ್‌ಗಳು ಇದಾವೆ, ‘ಗಿಟ್ ರಿಫ್ಲಾಗ್’ ಹೊಡೆದ್ರೆ ಹೆಡ್ (ನೀವು ನಿಂತಿರೋ ಕಮಿಟ್‌ನ ಗುರುತು) ಎಲ್ಲೆಲ್ಲಿ ನಿಂತಿತ್ತು ಅಂತ ಪಟ್ಟಿ ಸಿಗುತ್ತೆ, ಬ್ರಾಂಚಿಂದ ಕಳಚಿಹೋದ ಕಮಿಟ್‌ಗಳನ್ನೂ ಆ ಪಟ್ಟಿ ಮಾಮೂಲಿ ಸೆಟ್ಟಿಂಗಲ್ಲಿ 30 ದಿನ ಹಿಡಿದಿಟ್ಕೊಳ್ಳುತ್ತೆ.

ಕಾಲೇಜಲ್ಲಿ ಆಗುತ್ತೆ, ರೂಮಲ್ಲಿ ಆಗಲ್ಲ

ಕಾಲೇಜ್ ನೆಟ್ಟಿಗೆ ಪ್ರಾಕ್ಸಿ (ಮಧ್ಯ ನಿಂತು ನೆಟ್ ದಾಟಿಸೋ ಸರ್ವರು) ಬೇಕು ಅಂತ ಯಾರೋ ‘ಎಚ್‌ಟಿಟಿಪಿ.ಪ್ರಾಕ್ಸಿ’ ಸೆಟ್ ಮಾಡಿಸಿರ್ತಾರೆ, ಅದು ಗ್ಲೋಬಲ್ ಕಾನ್ಫಿಗಲ್ಲಿ ಕೂತಿರುತ್ತೆ, ಪಿಜಿಗೆ ಬಂದು ಫೋನ್ ಹಾಟ್‌ಸ್ಪಾಟಲ್ಲಿ ಪುಶ್ ಹೊಡೆದ್ರೆ ಇಲ್ಲಿಲ್ಲದ ಪ್ರಾಕ್ಸೀನ ಹುಡುಕ್ತಾ ಕೂರುತ್ತೆ. ಬ್ರೌಸರಲ್ಲಿ ಗಿಟ್‌ಹಬ್ ತೆರೆಯುತ್ತೆ, ಟರ್ಮಿನಲ್ಲಲ್ಲಿ ಮಾತ್ರ ಕನೆಕ್ಟ್ ಆಗಲ್ಲ ಅಂದ್ರೆ ಮೊದಲ ಅನುಮಾನ ಇದರ ಮೇಲೆ. ‘ಗಿಟ್ ಕಾನ್ಫಿಗ್ --ಗ್ಲೋಬಲ್ --ಗೆಟ್ ಎಚ್‌ಟಿಟಿಪಿ.ಪ್ರಾಕ್ಸಿ’ ಹೊಡೆದು ಏನಾದ್ರೂ ಬಂದ್ರೆ, ‘--ಗೆಟ್’ ಜಾಗದಲ್ಲಿ ‘--ಅನ್‌ಸೆಟ್’ ಹಾಕಿ ತೆಗೀರಿ. ಬ್ರೌಸರೂ ತೆರೆಯಲ್ಲ, ‘ಕುಡ್ ನಾಟ್ ರಿಸಾಲ್ವ್ ಹೋಸ್ಟ್’ ಅಂತ ಬರ್ತಿದೆ ಅಂದ್ರೆ ನೆಟ್ಟೇ ಇಲ್ಲ, ಮೂಡಿಗೆರೆ ಕಡೆ ಎಸ್ಟೇಟ್ ಮನೆಗೆ ಶನಿವಾರ ಹೋದೋರಿಗೆ ಇದು ಹೊಸದೇನಲ್ಲ. ಕಮಿಟ್ ಮಾಡ್ತಾ ಹೋಗಿ, ಅದಕ್ಕೆ ನೆಟ್ ಬೇಡ, ಸೋಮವಾರ ಒಟ್ಟಿಗೆ ಪುಶ್ ಮಾಡಿ.

ಎಸ್‌ಎಸ್‌ಎಚ್ (ಪಾಸ್‌ವರ್ಡ್ ಬದಲು ಕೀಲಿ ಫೈಲಿಂದ ಕನೆಕ್ಟ್ ಆಗೋ ದಾರಿ) ಬಳಸೋರಿಗೆ ಕಾಲೇಜಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಬಂದ್ರೆ 22ನೇ ಪೋರ್ಟ್ ಬ್ಲಾಕ್ ಮಾಡಿರ್ತಾರೆ, ಗಿಟ್‌ಹಬ್ 443ರಲ್ಲೂ ಎಸ್‌ಎಸ್‌ಎಚ್ ಕೊಡುತ್ತೆ, ಇಲ್ಲಾ ಸುಮ್ನೆ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಬದಲಾಯಿಸ್ಕೊಳ್ಳಿ, ಕೋರ್ಸ್‌ವರ್ಕಿಗೆ ಅಷ್ಟು ಸಾಕು.

‘ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಪ್ರಾಬ್ಲಂ’ ಅಂತ ಬಂದಾಗ ಸ್ಕ್ರೀನಿನ ಮೂಲೆಯಲ್ಲಿ ತಾರೀಕು ನೋಡಿ. ಹಳೇ ಲ್ಯಾಬ್ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿರೋ ರೂಪಾಯಿ ಬಿಲ್ಲೆ ತರದ ಸೆಲ್ ಮುಗಿದಿರುತ್ತೆ, ಕರೆಂಟ್ ಹೋಗಿ ಬಂದ್ರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ, ಆ ತಾರೀಕಿಗೆ ಇವತ್ತಿನ ಸರ್ಟಿಫಿಕೇಟ್ (ಸರ್ವರಿನ ಗುರುತಿನ ಚೀಟಿ) ಇನ್ನೂ ಹುಟ್ಟೇ ಇಲ್ಲ, ಅದಕ್ಕೆ ಗಿಟ್ ಒಪ್ಪಲ್ಲ. ತಾರೀಕು ಸರಿ ಮಾಡಿದ್ರೆ ಸರಿ ಹೋಗುತ್ತೆ, ಪರ್ಮನೆಂಟಾಗಿ ಬೇಕಂದ್ರೆ ಸಿಆರ್2032 ಅನ್ನೋ ಸೆಲ್ ಬದಲಾಯಿಸ್ಬೇಕು, ಲ್ಯಾಬ್ ಅಟೆಂಡರ್‌ಗೆ ಹೇಳಿ. ತಾರೀಕು ಸರಿ ಇದ್ದೂ ‘ಲೋಕಲ್ ಇಶ್ಯೂಯರ್’ ಅಂತ ಬಂದ್ರೆ ಫೈರ್‌ವಾಲೋ ಆಂಟಿವೈರಸ್ಸೋ ಮಧ್ಯ ತನ್ನ ಸರ್ಟಿಫಿಕೇಟ್ ತೂರಿಸ್ತಿರಬಹುದು, ವಿಂಡೋಸಲ್ಲಿ ‘ಗಿಟ್ ಕಾನ್ಫಿಗ್ --ಗ್ಲೋಬಲ್ ಎಚ್‌ಟಿಟಿಪಿ.ಎಸ್‌ಎಸ್‌ಎಲ್‌ಬ್ಯಾಕೆಂಡ್ ಎಸ್‌ಚಾನೆಲ್’ ಹಾಕಿ ನೋಡಿ, ಆಗ ವಿಂಡೋಸ್ ನಂಬೋದನ್ನ ಗಿಟ್ಟೂ ನಂಬುತ್ತೆ. ಎಸ್‌ಎಸ್‌ಎಲ್ ವೆರಿಫೈ ಫಾಲ್ಸ್ ಮಾಡಿ ಅನ್ನೋ ಸಲಹೆ ಎಲ್ಲಾ ಕಡೆ ಸಿಗುತ್ತೆ, ಅದು ಬಾಗಿಲು ಕಿತ್ತಾಕೋ ರಿಪೇರಿ, ಮಾಡ್ಬೇಡಿ.

ದೊಡ್ಡ ಫೈಲು

ಡೇಟಾಸೆಟ್ಟೋ ಪ್ರೆಸೆಂಟೇಷನ್ ವಿಡಿಯೋನೋ ಸೇರ್ಕೊಂಡು 100 ಎಂಬಿ ದಾಟಿದ್ರೆ ಗಿಟ್‌ಹಬ್ ತಗೊಳ್ಳಲ್ಲ, 50 ದಾಟಿದ್ರೇ ಎಚ್ಚರಿಕೆ ಕೊಡುತ್ತೆ. ಫೈಲ್ ಡಿಲೀಟ್ ಮಾಡಿ ಇನ್ನೊಂದು ಕಮಿಟ್ ಮಾಡಿದ್ರೂ ಅದೇ ಎರರ್ ಬರುತ್ತೆ, ಹಿಂದಿನ ಕಮಿಟಲ್ಲಿ ಫೈಲ್ ಇನ್ನೂ ಇದ್ಯಲ್ಲ, ಪುಶ್ಶಲ್ಲಿ ಎರಡೂ ಹೋಗುತ್ತೆ. ಮುಂಚೆ ಪುಶ್ ಆಗಿರೋ ರೆಪಾಸಿಟರಿ ಆದ್ರೆ ‘ಗಿಟ್ ರಿಸೆಟ್ --ಸಾಫ್ಟ್ ಒರಿಜಿನ್/ಮೇನ್’, ಫೈಲ್‌ಗಳೆಲ್ಲಾ ಇದ್ದ ಹಾಗೇ ಇರುತ್ತೆ, ಪುಶ್ ಆಗದ ಕಮಿಟ್‌ಗಳು ಮಾತ್ರ ಬಿಚ್ಕೊಳ್ಳುತ್ತೆ, ದೊಡ್ಡ ಫೈಲನ್ನ ‘ಗಿಟ್ ಆರ್‌ಎಂ --ಕ್ಯಾಶ್ಡ್’ ಮಾಡಿ ಮತ್ತೆ ಕಮಿಟ್ ಮಾಡಿ. ಮೊಟ್ಟಮೊದಲ ಕಮಿಟ್ಟೇ ಆದ್ರೆ ಅದೇ ಆರ್‌ಎಂ ಮಾಡಿ ‘ಗಿಟ್ ಕಮಿಟ್ --ಅಮೆಂಡ್’. ‘.ಗಿಟ್‌ಇಗ್ನೋರ್’ (ಗಿಟ್ ಲೆಕ್ಕಕ್ಕೆ ತಗೋಬಾರದ ಫೈಲ್‌ಗಳ ಪಟ್ಟಿ) ಒಳಗೆ ಫೈಲ್ ಹೆಸರು ಸೇರಿಸಿ, ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ್ರೆ ಕೊನೆಗೆ .ಟಿಎಕ್ಸ್‌ಟಿ ಅಂತ ಸೇರ್ಕೊಂಡು ಕೆಲಸ ಮಾಡಲ್ಲ, ಅದನ್ನ ನೋಡ್ಕೊಳ್ಳಿ.

ಕರೆಂಟ್ ಹೋದ್ಮೇಲೆ

ಜುಲೈ ಮಳೇಲಿ ಸಕಲೇಶಪುರ, ಆಲೂರು ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಲ್ಲಿ ಕೆಲಸ ಮಾಡೋರು ಇದನ್ನ ನೋಡೇ ನೋಡ್ತಾರೆ. ಕಮಿಟ್ ಮಾಡ್ತಿರೋವಾಗ ಕರೆಂಟ್ ಹೋಗುತ್ತೆ, ಬಂದ್ಮೇಲೆ ‘ಅನೇಬಲ್ ಟು ಕ್ರಿಯೇಟ್ ... ಇಂಡೆಕ್ಸ್.ಲಾಕ್: ಫೈಲ್ ಎಕ್ಸಿಸ್ಟ್ಸ್’. ಗಿಟ್ ಕೆಲಸ ಶುರು ಮಾಡೋವಾಗ ಆ ಲಾಕ್ ಫೈಲ್ ಇಟ್ಟು ಮುಗಿದ್ಮೇಲೆ ತಾನೇ ತೆಗೆಯುತ್ತೆ, ಮಧ್ಯದಲ್ಲಿ ಸತ್ತಿದ್ರಿಂದ ಉಳ್ಕೊಂಡಿದೆ. ವಿಎಸ್ ಕೋಡ್ ಸಮೇತ ಎಲ್ಲಾ ಮುಚ್ಚಿ, ಬೇರೆ ಗಿಟ್ ಏನೂ ಓಡ್ತಿಲ್ಲ ಅಂತ ನೋಡ್ಕೊಂಡು ‘.ಗಿಟ್’ ಒಳಗಿನ ಇಂಡೆಕ್ಸ್.ಲಾಕ್ ಅನ್ನೋ ಒಂದು ಫೈಲ್ ಮಾತ್ರ ಡಿಲೀಟ್ ಮಾಡಿ. ಪಕ್ಕದಲ್ಲೇ ಬರೀ ಇಂಡೆಕ್ಸ್ ಅಂತ ಇನ್ನೊಂದಿರುತ್ತೆ, ಅದನ್ನ ಮುಟ್ಬೇಡಿ.

‘ಆಬ್ಜೆಕ್ಟ್ ಫೈಲ್ ... ಈಸ್ ಎಂಪ್ಟಿ’ ಅಂತಲೋ ‘ಲೂಸ್ ಆಬ್ಜೆಕ್ಟ್ ... ಈಸ್ ಕರಪ್ಟ್’ ಅಂತಲೋ ಬಂದ್ರೆ ಮಾತ್ರ ನಿಜವಾಗ್ಲೂ ಏಟು ಬಿದ್ದಿದೆ, ಡಿಸ್ಕಿಗೆ ಬರೆದು ಮುಗಿಯೋ ಮುಂಚೆ ಕರೆಂಟ್ ಹೋಗಿ ಗಿಟ್ಟಿನ ಒಳಗಿನ ಫೈಲೊಂದು ಖಾಲಿ ಉಳಿದಿದೆ. ‘ಗಿಟ್ ಎಫ್‌ಎಸ್‌ಸಿಕೆ’ ಹೊಡೆದ್ರೆ ಏನೇನು ಹಾಳಾಗಿದೆ ಅಂತ ಪಟ್ಟಿ ಕೊಡುತ್ತೆ, ಅದರಲ್ಲಿ ‘ಡ್ಯಾಂಗ್ಲಿಂಗ್’ ಅಂತ ಇರೋ ಸಾಲುಗಳು ದೋಷ ಅಲ್ಲ, ಬಿಟ್ಬಿಡಿ. ಖಾಲಿ ಆಬ್ಜೆಕ್ಟ್‌ಗಳನ್ನ ಒಂದೊಂದಾಗಿ ತೆಗೆದು ರಿಪೇರಿ ಮಾಡೋ ದಾರಿ ಇದೆ, ಆದ್ರೆ ನಾಳೆ ಬೆಳಿಗ್ಗೆ ಸಬ್ಮಿಷನ್ ಇರೋನಿಗೆ ನಾನು ಅದನ್ನ ಹೇಳಲ್ಲ. ಹಳೇ ಫೋಲ್ಡರಿನ ಹೆಸರಿಗೆ ಹಳೇದು ಅಂತ ಸೇರಿಸಿ ಹಾಗೇ ಇಡಿ, ಪಕ್ಕದಲ್ಲಿ ಹೊಸದಾಗಿ ಕ್ಲೋನ್ ಮಾಡಿ, ಹಳೇದರಿಂದ ‘.ಗಿಟ್’ ಒಂದು ಬಿಟ್ಟು ಉಳಿದ ಫೈಲ್ ಎಲ್ಲಾ ಹೊಸದರ ಮೇಲೆ ಕಾಪಿ ಮಾಡಿ, ‘ಗಿಟ್ ಡಿಫ್’ ಹೊಡೆದು ಏನು ಬದಲಾಗಿದೆ ಅಂತ ಕಣ್ಣಾಡಿಸಿ, ಕರೆಂಟ್ ಹೋದಾಗ ಎಡಿಟರಲ್ಲಿ ತೆಗೆದಿದ್ದ ಫೈಲ್ ಯಾವುದಾದ್ರೂ ಖಾಲಿ ಆಗಿದ್ರೆ ಅಲ್ಲೇ ಪೂರ್ತಿ ಕೆಂಪು ಸಾಲಾಗಿ ಕಾಣುತ್ತೆ, ಅದನ್ನ ‘ಗಿಟ್ ರಿಸ್ಟೋರ್’ ಮುಂದೆ ಹೆಸರು ಕೊಟ್ಟು ವಾಪಸ್ ತಗೊಂಡು ಉಳಿದಿದ್ದನ್ನ ಕಮಿಟ್ ಮಾಡಿ ಪುಶ್ ಮಾಡಿ. ಹಳೇ ಫೋಲ್ಡರ್ ಇಂಟರ್ನಲ್ಸ್ ಮುಗಿಯೋವರೆಗೆ ಇರ್ಲಿ, ಜಾಗ ಏನೂ ತಿನ್ನಲ್ಲ.